ಎಡಗೈ ಗಂಟು

ನಮ್ಮೂರಿನಲ್ಲಿ ಫ್ರೀಜರಿಗೆ ಇಡುವ ಪೊಟ್ಟಣದಲ್ಲಿ ಗಾಳಿ ಉಳಿದರೆ ಅದು ಅಲ್ಲಿ ನಿಲ್ಲುವುದಿಲ್ಲ. ಬೆಳಿಗ್ಗೆ ಬಾಗಿಲು ತೆಗೆದು ನೋಡಿದರೆ ಅದಿದ್ದ ಜಾಗ ಖಾಲಿ. ಪೊಟ್ಟಣ ಅದೇ ಬೀದಿಯ ಇನ್ಯಾರದೋ ಫ್ರೀಜರಿನಲ್ಲಿ, ಜಾಗವಿದ್ದ ಕಡೆ ಹೋಗಿ ಕೂತಿರುತ್ತದೆ. ಯಾರ ಮನೆಗೆ ಹೋಗುತ್ತದೆ ಎಂದು ಮೊದಲೇ ಹೇಳುವಂತಿಲ್ಲ. ಬಂದದ್ದನ್ನು ಆ ಮನೆಯವರು ಬಿಸಿ ಮಾಡಿಕೊಂಡು ಉಣ್ಣಬೇಕು, ಯಾರದೆಂದು ವಿಚಾರಿಸಬಾರದು. ಕಳೆದುಕೊಂಡವರು ವಾಪಸ್ಸು ಕೊಡಿ ಎನ್ನಬಾರದು. ಇದು ಇಲ್ಲಿಯ ಪದ್ಧತಿ. ಬೇರೆ ಊರಿನಿಂದ ಬಂದ ಸೊಸೆಯರಿಗೆ ಮೊದಮೊದಲು ತಲೆ ಕೆಟ್ಟುಹೋಗುತ್ತದೆ, ಆಮೇಲೆ ಒಗ್ಗಿಕೊಳ್ಳುತ್ತಾರೆ.

ನಾನು ಒಗ್ಗಿಕೊಳ್ಳಲಿಲ್ಲ. ಮದುವೆಯಾಗಿ ಬಂದ ವರ್ಷ ನಾನು ಮಾಡಿಟ್ಟ ಹುಳಿಯನ್ನು, ಪಲ್ಯವನ್ನು, ತವರಿನಿಂದ ತಂದ ಒಬ್ಬಟ್ಟಿನ ಹೂರಣವನ್ನು ಬೀದಿಯ ಜನ ಚಪ್ಪರಿಸಿಕೊಂಡು ಉಂಡರು. ಯಾರೂ ಬಾಯಿ ಬಿಡಲಿಲ್ಲ, ಆದರೆ ಎದುರು ಸಿಕ್ಕಾಗ ಎಲ್ಲರ ಮುಖದ ಮೇಲೂ ಒಂದು ನಗು. ನನಗೆ ಮೈಯೆಲ್ಲ ಉರಿದುಹೋಯಿತು. ಇನ್ನು ನನ್ನ ಮನೆಯ ಒಂದು ಕಾಳು ಹೊಸಲು ದಾಟಿದರೆ ನನ್ನ ಹೆಸರು ಪಂಕಜಮ್ಮನೇ ಅಲ್ಲ ಅಂದುಕೊಂಡೆ. ನನಗೆ ಹಠ ಹಿಡಿದರೆ ಬಿಡಿಸುವವರು ಇಲ್ಲ ಎಂದು ನಮ್ಮ ಮನೆಯವರು ಇವತ್ತಿಗೂ ಹೇಳುತ್ತಾರೆ, ಹೊಗಳಿಕೆಯಾಗಿ ಅಲ್ಲ.

ಹಾಗೆ ಕಲಿತೆ. ಬಿಸಿಯಾಗಿದ್ದಾಗ ಕಟ್ಟಬಾರದು, ಪೂರ್ತಿ ಆರಬೇಕು. ಹಬೆ ಒಳಗೆ ಉಳಿದರೆ ಅದೇ ಮಂಜಾಗಿ ಪದಾರ್ಥವನ್ನು ಕೆಡಿಸುತ್ತದೆ. ಚಪಾತಿಯಾದರೆ ಒಂದೊಂದರ ನಡುವೆ ಎಣ್ಣೆ ಕಾಗದ. ಸಾರು, ಹುಳಿಯನ್ನು ಕವರಿಗೆ ಹಾಕಿ, ತಟ್ಟೆಯ ಮೇಲೆ ಮಲಗಿಸಿ, ತಳದಿಂದ ಬಾಯಿಯವರೆಗೆ ಅಂಗೈಯಲ್ಲಿ ನೀವಿಕೊಂಡು ಬರಬೇಕು, ಮಗುವಿಗೆ ಎಣ್ಣೆ ನೀವುವ ಹಾಗೆ. ಗಾಳಿಯೆಲ್ಲ ಬಾಯಿಗೆ ಬಂದ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿದು ತಿರುಚಿ ಗಂಟು ಹಾಕಬೇಕು. ಆ ಹೆಬ್ಬೆರಳಿನ ಒತ್ತು ಇದೆಯಲ್ಲ, ಅದೇ ಎಲ್ಲ. ಆಮೇಲೆ ನನ್ನ ಒಂದು ಪೊಟ್ಟಣವೂ ಅಲುಗಲಿಲ್ಲ. ಮಹಿಳಾ ಸಮಾಜದವರು ಕರೆದರು, ಶನಿವಾರ ಶನಿವಾರ ಹೆಂಗಸರಿಗೆ ಹೇಳಿಕೊಡತೊಡಗಿದೆ. ವರ್ಷಗಳು ಕಳೆದಂತೆ ನಮ್ಮ ಬೀದಿಯಲ್ಲಿ ಪೊಟ್ಟಣಗಳ ಓಡಾಟ ಹೆಚ್ಚುಕಡಿಮೆ ನಿಂತೇಹೋಯಿತು. ಎಲ್ಲರ ಊಟ ಅವರವರ ಮನೆಯಲ್ಲಿ. ಅದು ನನ್ನ ಸಾಧನೆ ಎಂದು ನಾನು ಬೀಗುತ್ತಿದ್ದೆ.

ಕೈ ಹತ್ತದೆ ಉಳಿದವಳು ಒಬ್ಬಳೇ, ನನ್ನ ವಾರಗಿತ್ತಿ ಚಂದ್ರಕಲಾ. ನಮ್ಮ ಮೈದುನನ ಹೆಂಡತಿ. ಒಂದೇ ಮನೆಯನ್ನು ಎರಡು ಭಾಗ ಮಾಡಿಕೊಂಡು ಗೋಡೆಯ ಆಚೆ ಈಚೆ ಇದ್ದೇವೆ. ಅವಳ ಅಡುಗೆಮನೆಯಲ್ಲಿ ಸೌಟು ಬಿದ್ದರೆ ನನಗೆ ಕೇಳಿಸುತ್ತದೆ. ಭಾಗವಾಗುವ ಮೊದಲು ಒಂದೇ ಒಲೆಯಲ್ಲಿ ಬೇಯಿಸಿದವರು ನಾವು. ನಮ್ಮ ಮನೆಯವರಿಗೆ ಬಿಪಿ, ಹಾಗಾಗಿ ನಾನು ಉಪ್ಪು ಕಡಿಮೆ ಹಾಕುತ್ತಿದ್ದೆ. "ಅಕ್ಕ ಸಾರು ಮಾಡ್ತಾರೆ, ಉಪ್ಪು ಪಕ್ಕದ್ಮನೆಯೋರು ಹಾಕ್ಬೇಕು" ಎಂದು ಅವಳು ನಗುತ್ತಿದ್ದಳು. ಉಪ್ಪನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ ಎಂಬ ಭಯ ಬೇರೆ ಅವಳಿಗೆ. ಭರಣಿಯನ್ನು ಕಟ್ಟೆಯ ಮೇಲಿಟ್ಟು ನನ್ನ ಕಡೆ ನೂಕುತ್ತಿದ್ದಳು. ಅಷ್ಟೆಲ್ಲ ಎಚ್ಚರ ವಹಿಸಿದರೂ ಜಗಳ ಬಂದೇ ಬಂತು.

ಹೋಳಿಗೆಯಿಂದ ಬಂತು. ಬೀಗರು ಬರುತ್ತಾರೆಂದು ಅವಳು ಎರಡು ದಿನ ಮೊದಲೇ ಕಾಯಿ ಹೋಳಿಗೆ ಮಾಡಿ ಫ್ರೀಜರಿನಲ್ಲಿಟ್ಟಿದ್ದಳು. ಕಟ್ಟಿದ್ದು ಎಂದಿನಂತೆ ಸಡಿಲ. ಬೆಳಿಗ್ಗೆ ಅದು ನನ್ನ ಫ್ರೀಜರಿನಲ್ಲಿತ್ತು. ಅವಳದೇ ಎಂದು ನನಗೆ ಗೊತ್ತಿತ್ತು; ಆ ಅಂಚು, ಆ ಏಲಕ್ಕಿ, ಇನ್ಯಾರದು? ಆದರೆ ಪದ್ಧತಿ ಪದ್ಧತಿಯೇ. ಬಂದದ್ದನ್ನು ಉಣ್ಣಬೇಕು. ನಾವು ಉಂಡೆವು. ಬೀಗರು ಬಂದಾಗ ಅವಳು ಅಂಗಡಿಯ ಮೈಸೂರುಪಾಕು ಇಡಬೇಕಾಯಿತು. ಅವರು ಹೋದ ಮೇಲೆ ನನ್ನ ಬಾಗಿಲಿಗೆ ಬಂದು ನಿಂತಳು.

"ನನ್ನ ಕೈ ಅಂತ ಗೊತ್ತಿತ್ತೋ ಇಲ್ವೋ ಅಕ್ಕಾ?"

"ಗೊತ್ತಿತ್ತು."

"ಗೊತ್ತಿದ್ದೂ ತಿಂದ್ರಿ. ಗೋಡೆ ಮೇಲೊಂದು ಸಲ ಬಡಿದು, ಚಂದ್ರೀ ಇಲ್ಲಿದೆ ನೋಡೇ ಅನ್ನೋಕೆ ಬಾಯಿ ಬರ್ಲಿಲ್ವಾ?"

"ಹಾಗೆ ಅನ್ನೋಹಾಗಿಲ್ಲ ಅಂತ ನಿನಗೂ ಗೊತ್ತು."

"ಬೀದಿಯೋರಿಗೆ ಪದ್ಧತಿ. ನಾನು ಬೀದಿಯೋಳಾ?"

ಇವತ್ತಿಗೂ ನಾನು ತಪ್ಪು ಮಾಡಿದೆ ಎನ್ನಲಾರೆ. ಅವಳ ಮಾತೂ ಸುಳ್ಳಲ್ಲ. ಅಂದಿನಿಂದ ಮಾತು ಬಿಟ್ಟಳು. ನಾನೂ ಬಿಟ್ಟೆ, ನನಗೇನು ಕಡಿಮೆಯೇ? ಗೋಡೆಯ ಆಚೆ ಸೌಟಿನ ಸದ್ದು, ಈಚೆ ಸೌಟಿನ ಸದ್ದು, ನಡುವೆ ಒಂದು ಮಾತಿಲ್ಲ.

ಎರಡು ವರ್ಷ ಹೀಗೇ ಹೋಯಿತು. ಮೊನ್ನೆ ಅವರೆಕಾಯಿ ಕಾಲ ಶುರುವಾಗುವ ಹೊತ್ತಿಗೆ ಚಂದ್ರಿ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಮೈದುನ ಬಂದರಿನಲ್ಲಿ ಕ್ರೇನು ಓಡಿಸುತ್ತಾನೆ, ವರ್ಷಕ್ಕೆರಡು ಸಲ ಬರುವವನು. ಮಗಳು ಗಂಡನ ಊರಿನಲ್ಲಿ ಕೈಗೂಸಿನ ತಾಯಿ. ಇಬ್ಬರಿಗೂ ಹೇಳಕೂಡದು ಎಂದು ಚಂದ್ರಿ ಆಣೆ ಹಾಕಿಸಿದ್ದಳಂತೆ. ಇದನ್ನೆಲ್ಲ ನನಗೆ ಹೇಳಿದವಳು ಎದುರು ಮನೆಯ ಹಸೀನಾ. ದಿನವೂ ಹೋಗಿ ಅವಳ ತಲೆ ಬಾಚಿ, ಹೆರಳು ಹಾಕಿ ಬರುತ್ತಿದ್ದವಳು ಅವಳೊಬ್ಬಳೇ.

"ಊಟ ಏನ್ಮಾಡ್ತಾಳೆ?" ಎಂದೆ.

"ಅವಲಕ್ಕಿ, ಮಜ್ಜಿಗೆ. ನಾನೇನಾದ್ರೂ ತಂದ್ರೆ ಬೇಡ ಅಂತಾರೆ. ಯಾರ ಹಂಗೂ ಬೇಡ್ವಂತೆ. ನಿನ್ನೆ ಜಡೆ ಹಾಕೋವಾಗ ಕತ್ತು ನೋಡಿದೆ ಪಂಕಜಮ್ಮ, ಮೂಳೆ ಕಾಣ್ತಾ ಇದೆ. ಡಾಕ್ಟ್ರು ಚೆನ್ನಾಗಿ ಉಣ್ಣಿ, ಇಲ್ದಿದ್ರೆ ಮೂಳೆ ಕೂಡಲ್ಲ ಅಂದವ್ರೆ."

"ನಾನು ಕೊಟ್ಟೆ ಅಂತ ಹೇಳ್ಬೇಡ. ನೀನೇ ಮಾಡಿದ್ದು ಅಂತ ಕೊಟ್ಟು ನೋಡು."

"ನಾನು ತಂದದ್ದನ್ನೇ ಬೇಡ ಅಂದವರು, ನನ್ನ ಹೆಸರು ಹೇಳಿದ್ರೆ ಮಾತ್ರ ತಗೋತಾರಾ?"

ಹಿಂದಿನ ಕಾಲವಾಗಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ. ಯಾರದೋ ಹುಳಿ, ಯಾರದೋ ಇಡ್ಲಿ ಅವಳ ಫ್ರೀಜರಿಗೆ ತಾನಾಗಿ ಹೋಗುತ್ತಿತ್ತು, ಪದ್ಧತಿಯ ಪ್ರಕಾರ ಅವಳು ಉಣ್ಣಲೇಬೇಕಿತ್ತು. ಯಾರ ಹಂಗೂ ಇಲ್ಲ. ಆದರೆ ಬೀದಿಯ ಪ್ರತಿ ಪೊಟ್ಟಣವನ್ನೂ ಬಿಗಿ ಮಾಡಿಸಿಟ್ಟವಳು ನಾನು. ಹಸೀನಾ ಹೋದ ಮೇಲೆ ಗೋಡೆಗೆ ಕಿವಿ ಕೊಟ್ಟು ನಿಂತೆ. ಎಷ್ಟು ದಿನದಿಂದ ಆ ಕಡೆ ಒಗ್ಗರಣೆಯ ಸದ್ದಿಲ್ಲ ಎಂಬುದು ಆಗ ಹೊಳೆಯಿತು. ಇವಳಿಗೆ ಉಣ್ಣಿಸಿಯೇ ತೀರುತ್ತೇನೆ ಅಂದುಕೊಂಡೆ, ಬೇಕಾದರೆ ಆ ಸೊಕ್ಕಿನ ಮೂಗು ಹಿಡಿದಾದರೂ.

ಪೊಂಗಲು ಮಾಡಿದೆ. ಚಮಚದಲ್ಲಿ ಎಡಗೈಯಿಂದ ತಿನ್ನಬಹುದಾದದ್ದು. ನನ್ನದೆಂದು ಗೊತ್ತಾಗಬಾರದೆಂದು ಎಂದೂ ಹಾಕದ ಗೋಡಂಬಿ ಹಾಕಿದೆ, ಶುಂಠಿಯನ್ನು ಜಜ್ಜುವ ಬದಲು ಹೆಚ್ಚಿದೆ. ಹಳೆಯ ಕವರಿನಲ್ಲಿ ಹಾಕಿ, ಬೇಕೆಂದೇ ಸಡಿಲ ಕಟ್ಟಿ ಇಟ್ಟೆ. ಬೆಳಿಗ್ಗೆ ನೋಡಿದರೆ ಪೊಟ್ಟಣ ಇಟ್ಟಲ್ಲೇ ಕಲ್ಲಿನ ಹಾಗೆ ಕೂತಿದೆ. ಮಾರನೆಯ ದಿನ ಇನ್ನೂ ಸಡಿಲ ಮಾಡಿದೆ. ಅದೂ ಅಲ್ಲಾಡಲಿಲ್ಲ. ನಾನು ಏನೇ ಅಂದುಕೊಂಡರೂ ಗಂಟು ಹಾಕುವ ಗಳಿಗೆಗೆ ಹೆಬ್ಬೆರಳು ತಾನಾಗಿ ಹೋಗಿ ಗಾಳಿಯನ್ನು ಒತ್ತಿಬಿಡುತ್ತಿತ್ತು. ಜೀವಮಾನವಿಡೀ ಬಿಗಿ ಕಲಿತ ಕೈಗೆ ಸಡಿಲ ಬರಲೊಲ್ಲದು. ನಾಲ್ಕನೆಯ ಪೊಟ್ಟಣವೂ ಮನೆಯಲ್ಲೇ ಉಳಿದಾಗ ನಮ್ಮ ಮನೆಯವರು, "ಇನ್ನೆಷ್ಟು ದಿನ ಪೊಂಗಲ್ ತಿನ್ಬೇಕೇ?" ಎಂದರು.

"ಅದು ಹೊರಡೋವರೆಗೂ" ಎಂದೆ.

ಅವರು ಒಂದು ಗಳಿಗೆ ನನ್ನ ಕೈ ನೋಡಿದರು. "ಎಡಗೈಲಿ ಕಟ್ಟಿ ನೋಡು. ಅದಕ್ಕೇನೂ ಗೊತ್ತಿಲ್ವಲ್ಲ" ಎಂದು ಪೇಪರು ಬಿಡಿಸಿದರು.

ಬಲಗೈಯನ್ನು ಸೆರಗಿನಲ್ಲಿ ಸುತ್ತಿ ಬೆನ್ನ ಹಿಂದೆ ಇಟ್ಟುಕೊಂಡು, ಎಡಗೈ ಮತ್ತು ಹಲ್ಲಿನಲ್ಲಿ ಗಂಟು ಹಾಕಿದೆ. ಎಂಥ ಗಂಟದು! ಶನಿವಾರದ ತರಗತಿಯಲ್ಲಿ ಯಾರಾದರೂ ಹಾಗೆ ಕಟ್ಟಿದ್ದರೆ ಎದ್ದು ಹೊರಗೆ ಹೋಗಿ ಎನ್ನುತ್ತಿದ್ದೆ. ಬೆಳಿಗ್ಗೆ ಪೊಟ್ಟಣ ಮಾಯ. ನಾನು ಫ್ರೀಜರಿನ ಮುಂದೆ ನಿಂತು ಚಪ್ಪಾಳೆ ತಟ್ಟಿದೆ. ಚಪ್ಪಾಳೆ ಮುಗಿಯುವ ಮೊದಲೇ ಮೂಲೆ ಮನೆಯ ಮರಿಯಪ್ಪ ಮೇಷ್ಟ್ರು ಜಗಲಿಯ ಮೇಲೆ ನಿಂತು ಬೀದಿಗೆಲ್ಲ ಕೇಳುವ ಹಾಗೆ, "ಎಷ್ಟು ವರ್ಷ ಆದ್ಮೇಲೆ ಒಂದು ಪೊಟ್ಟಣ ಬಂತಪ್ಪಾ! ಪೊಂಗಲ್!" ಎಂದರು. ಹೆಂಡತಿ ತೀರಿಕೊಂಡ ಮೇಲೆ ಬೀದಿಯ ಸಡಿಲ ಪೊಟ್ಟಣಗಳಲ್ಲೇ ಬದುಕಿದ್ದ ಮನುಷ್ಯ ಅವರು, ನನ್ನ ತರಗತಿ ಶುರುವಾದ ಮೇಲೆ ಹೋಟೆಲಿಗೆ ಹೋಗಬೇಕಾಗಿ ಬಂದು ನನ್ನ ಮೇಲೆ ಒಳಗೊಳಗೇ ಸಿಟ್ಟಿದ್ದವರು.

ಮುಂದಿನದು ಹಸೀನಾಳ ಮನೆಗೆ ಹೋಯಿತು. ಅದರ ಮುಂದಿನದು ಮತ್ತೆ ಮೇಷ್ಟ್ರಿಗೆ. ಅದರಾಚೆಯದು ಮಹಿಳಾ ಸಮಾಜದ ಕಾರ್ಯದರ್ಶಿ ವಿಶಾಲಾಕ್ಷಿಯ ಮನೆಗೇ ಹೋಗಿ ಕೂತಿತು. ಕೇಳಬಾರದು ಎಂಬುದು ಪದ್ಧತಿ, ಊಹಿಸಬಾರದು ಎಂದೇನೂ ಇಲ್ಲವಲ್ಲ. ನಾನು ಅಂಗಡಿಯಲ್ಲಿ ಗೋಡಂಬಿ ಕೊಳ್ಳುವುದನ್ನು ಕಂಡಿದ್ದ ವಿಶಾಲಾಕ್ಷಿ ಶನಿವಾರ ನನ್ನನ್ನು ಪಕ್ಕಕ್ಕೆ ಕರೆದಳು. "ವಯಸ್ಸಾಯ್ತು, ಕೈ ಸೋಲುತ್ತೆ, ಅದ್ರಲ್ಲಿ ನಾಚಿಕೆ ಏನಿದೆ ಪಂಕಜಮ್ಮ. ಸ್ವಲ್ಪ ದಿನ ತರಗತಿ ನಾನೇ ನೋಡ್ಕೊಳ್ತೀನಿ" ಎಂದಳು. ಅವಳಿಗೆ ಚಪಾತಿ ಕಟ್ಟಲು ಹೇಳಿಕೊಟ್ಟವಳೇ ನಾನು. ನಾಲಿಗೆಯ ತುದಿಗೆ ಬಂದ ಮಾತನ್ನು ನುಂಗಿಕೊಂಡು, "ಹಾಗೇ ಆಗ್ಲಿ" ಎಂದು ಮನೆಗೆ ಬಂದೆ. ಬಂದು ಅಡುಗೆಮನೆಯಲ್ಲಿ ಕೂತು ಚೆನ್ನಾಗಿ ಅತ್ತೆ. ಮಾನ ಹೋದರೂ ಅನ್ನ ಸೇರಬೇಕಾದಲ್ಲಿ ಸೇರಲಿಲ್ಲವಲ್ಲ ಎಂದು ಅಳು. ಅತ್ತು ಮುಗಿದ ಮೇಲೆ ತಲೆ ಓಡಿತು. ಪೊಟ್ಟಣ ಹೋಗುವುದು ಜಾಗವಿದ್ದ ಕಡೆಗೆ. ಚಂದ್ರಿಯ ಮನೆ ಬಿಟ್ಟು ಬೇರೆಲ್ಲೂ ಜಾಗವೇ ಇಲ್ಲದ ಹಾಗೆ ಮಾಡಿದರೆ?

ಮಾರನೆಯ ದಿನ ಸಂತೆಯಿಂದ ಅವರೆಕಾಯಿ ತರಿಸಿದೆ. ಕೇಜಿ ಲೆಕ್ಕದಲ್ಲಿ ಅಲ್ಲ, ಮೂಟೆಯಲ್ಲಿ. ಜಗಲಿಯ ಮೇಲೆ ಸುರಿದು ಕೂತೆ. ಅವರೆಕಾಯಿ ರಾಶಿ ಕಂಡರೆ ಸುಮ್ಮನೆ ಹಾದುಹೋಗುವ ಹೆಂಗಸು ನಮ್ಮೂರಲ್ಲಿ ಇಲ್ಲ. ಒಬ್ಬೊಬ್ಬರಾಗಿ ಬಂದು ಕೂತರು, ಬಿಡಿಸಿದರು. ಕಾಳು ನೆನೆಸಿಟ್ಟು ಮಾರನೆಯ ಬೆಳಿಗ್ಗೆ ಹಿತುಕಿದೆವು. ಬೆರಳ ತುದಿಯೆಲ್ಲ ಸುಕ್ಕುಗಟ್ಟಿ ಉಗುರಿನ ಸಂದು ಹಸಿರಾಯಿತು. ಆ ಹಿತುಕಿದ ಬೇಳೆಯನ್ನು ಮನೆ ಮನೆಗೂ ಹಂಚಿದೆ. ಕೈಗೆ ಕೊಟ್ಟು ಬರಲಿಲ್ಲ. ಒಳಗೆ ಹೋಗಿ, ಅವರ ಫ್ರೀಜರಿನ ಬಾಗಿಲು ತೆಗೆದು, ನನ್ನ ಬಲಗೈಯಿಂದಲೇ ಚಪ್ಪಟೆ ಪೊಟ್ಟಣ ಕಟ್ಟಿ, ಪುಸ್ತಕ ಜೋಡಿಸಿದ ಹಾಗೆ ಮೇಲಿನ ತುದಿಯವರೆಗೆ ತುಂಬಿದೆ. ಸಂದಿನಲ್ಲಿ ಬೆರಳು ತೂರದಂತೆ ಮಾಡಿ ಬಾಗಿಲು ಹಾಕಿದೆ. ಬಿಟ್ಟಿಯಾಗಿ ಬಂದ ಹಿತುಕಿದ ಬೇಳೆ, ಯಾರು ಬೇಡವೆನ್ನುತ್ತಾರೆ? ವಿಶಾಲಾಕ್ಷಿ ಮಾತ್ರ ನನ್ನ ಕೈಯನ್ನೇ ನೋಡುತ್ತ, "ಕೈ ಸೋತಿಲ್ವಲ್ಲ ನಿಮ್ದು" ಎಂದಳು. "ಕೆಲವು ದಿನ ಸೋಲುತ್ತೆ, ಕೆಲವು ದಿನ ಇಲ್ಲ" ಎಂದೆ.

ಉಳಿದದ್ದು ಮೇಷ್ಟ್ರ ಮನೆ. ಅವರು ಬಾಗಿಲಿಗೆ ಕೈ ಅಡ್ಡ ಇಟ್ಟರು.

"ಬೇಡಮ್ಮ. ಫ್ರೀಜರ್ ತುಂಬಿಸ್ಬಿಟ್ರೆ ನನಗೆ ಬರೋದು ಎಲ್ಲಿಗೆ ಬರ್ಬೇಕು? ಯಾರೋ ಪುಣ್ಯಾತ್ಗಿತ್ತಿ ಈಗೀಗ ಕೈ ಸಡಿಲ ಬಿಟ್ಟಿದ್ದಾಳೆ. ನಾಲಿಗೆಗೆ ರುಚಿ ಹತ್ತಿದೆ."

"ಮೇಷ್ಟ್ರೇ, ಅದು ನಿಮಗೆ ಅಂತ ಹೊರಟಿದ್ದಲ್ಲ."

ಪದ್ಧತಿಯಲ್ಲಿ ಹೀಗೆ ಹೇಳುವಂತಿಲ್ಲ. ಹೇಳಿಬಿಟ್ಟೆ. ಅವರು ಕನ್ನಡಕ ಸರಿಪಡಿಸಿಕೊಂಡು ನನ್ನ ಮುಖ ನೋಡಿದರು. ಆಮೇಲೆ ನಮ್ಮ ಜೋಡಿ ಮನೆಯ ಕಡೆ, ಚಂದ್ರಿಯ ಮುಚ್ಚಿದ ಕಿಟಕಿಯ ಕಡೆ ನೋಡಿದರು.

"ಆ ಹುಡುಗಿ ಉಣ್ತಾ ಇಲ್ವಾ?"

"ಇಲ್ಲ."

ಮೇಷ್ಟ್ರು ಒಳಗೆ ಹೋದರು. ನೀರಿನ ಬಾಟಲಿಗಳನ್ನು ತುಂಬಿಸುವ ಸದ್ದು ಕೇಳಿತು. "ನಿಮ್ಮ ಬೇಳೆ ಬೇರೆಯೋರಿಗೆ ಕೊಡಿ. ನಾನು ನೀರೇ ಇಡ್ತೀನಿ, ಒಂದು ಇರುವೆ ಹೋಗೋಕೂ ಜಾಗ ಇರಲ್ಲ" ಎಂದು ಒಳಗಿನಿಂದಲೇ ಕೂಗಿದರು. ಆ ಮಧ್ಯಾಹ್ನದಿಂದ ಅವರ ಊಟ ನಮ್ಮ ಮನೆಯಲ್ಲಿ, ನಮ್ಮ ಮನೆಯವರ ಪಕ್ಕದಲ್ಲಿ, ಬಿಸಿಬಿಸಿಯಾಗಿ. ಇದನ್ನು ಮೊದಲೇ ಮಾಡಬಹುದಿತ್ತಲ್ಲ ಎಂದು ಅನಿಸಿದ್ದು ನಿಜ.

ಆ ಸಂಜೆ ಹಿತುಕಿದ ಬೇಳೆ ಹಾಕಿ ಅಕ್ಕಿತರಿ ಉಪ್ಪಿಟ್ಟು ಮಾಡಿದೆ. ಪೂರ್ತಿ ಆರಿಸಿದೆ. ಒಂದೇ ಕೈಯಿರುವವಳು ಬಿಚ್ಚಬೇಕು, ಹಾಗಾಗಿ ಕವರಿನ ಬಾಯಿಗೆ ದಾರ ಸುತ್ತಿ ಅದರ ತುದಿ ಉದ್ದ ಬಿಟ್ಟೆ, ಎಳೆದರೆ ಸಾಕು ಬಿಚ್ಚಿಕೊಳ್ಳುವಂತೆ. ಎಡಗೈಯಲ್ಲಿ ಕಟ್ಟಿದೆ. ನನ್ನ ಫ್ರೀಜರಿನಲ್ಲಿ ಅದೊಂದೇ ಪೊಟ್ಟಣ. ನನ್ನ ಬೇಳೆಯೆಲ್ಲ ಬೀದಿಯ ಮನೆಗಳಲ್ಲಿತ್ತು. ಬೆಳಿಗ್ಗೆ ಅದು ಇರಲಿಲ್ಲ. ಯಾರ ಜಗಲಿಯಿಂದಲೂ ಕೂಗು ಬರಲಿಲ್ಲ. ಗೋಡೆಯ ಬಳಿ ನಿಂತೆ. ಆಚೆ ಫ್ರಿಜ್ಜಿನ ಬಾಗಿಲು ತೆಗೆದ ಸದ್ದು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಒಲೆ ಹಚ್ಚಿದ ಸದ್ದು ಬಂತು. ಬಾಣಲೆಯಲ್ಲಿ ಕೈಯಾಡಿಸಿದ ಸದ್ದು, ಒಂದು ಕೈಯ ತಡವರಿಕೆಯ ಸದ್ದು. ಕೊನೆಗೆ ತಟ್ಟೆಗೆ ಚಮಚ ತಾಗಿದ್ದು ಕೇಳಿತು, ಮತ್ತೆ ತಾಗಿತು, ಮತ್ತೆ ತಾಗಿತು. ಗೋಡೆಗೆ ಹಣೆ ಹಚ್ಚಿ ನಿಂತುಬಿಟ್ಟೆ.

ಆಮೇಲೆ ಒಂದು ದಿನವೂ ತಪ್ಪಿಸಲಿಲ್ಲ. ಇಡ್ಲಿ, ಮೊಳಕೆ ಹುರುಳಿಯ ಬಸ್ಸಾರು ಅನ್ನ, ಸಬ್ಬಸಿಗೆ ಹಾಕಿದ ಬೇಳೆಬಾತು. ಬೀದಿಯವರು ಫ್ರೀಜರಿನಿಂದ ಒಂದು ಪೊಟ್ಟಣ ಬೇಳೆ ತೆಗೆದರೆ ನಾನು ಸಂಜೆ ಹೋಗಿ ಇನ್ನೊಂದು ತುರುಕಿ ಬರುತ್ತಿದ್ದೆ. ಹಸೀನಾ ದಿನವೂ ಬಂದು ವರದಿ ಒಪ್ಪಿಸುತ್ತಿದ್ದಳು. ಕತ್ತಿನ ಮೂಳೆ ಮುಚ್ಚಿದೆಯಂತೆ. ಹೆರಳು ಹಾಕುವಾಗ ಬಿಗಿಯಾಯ್ತು ಎಂದು ಬೈದಳಂತೆ. ಬೈಯುವಷ್ಟು ಶಕ್ತಿ ಬಂದಿದೆ ಎಂದರೆ ಇನ್ನೇನು ಬೇಕು.

"ಯಾರ ಪೊಟ್ಟಣ ಅಂತ ಏನಾದ್ರೂ ಅಂದಳಾ?"

"ಇಲ್ಲ. ಬಂದದ್ದು ಉಣ್ಬೇಕು, ಕೇಳಬಾರ್ದು, ಅದು ಪದ್ಧತಿ ಅಂದ್ರು. ಅನ್ನೋವಾಗ ಮುಖ ಸ್ವಲ್ಪ ಒಂಥರಾ ಇತ್ತು."

ನನಗೆ ಗಾಬರಿಯಾಯಿತು. ಆದರೆ ಗೊತ್ತಾಗಲು ಸಾಧ್ಯವೇ ಇರಲಿಲ್ಲ. ಗಂಟು ನನ್ನದಲ್ಲ, ಕವರು ನನ್ನದಲ್ಲ, ತರಕಾರಿ ಹೆಚ್ಚಿದ ರೀತಿ ನನ್ನದಲ್ಲ, ಒಗ್ಗರಣೆಗೆ ಇಂಗನ್ನೂ ಬಿಟ್ಟಿದ್ದೆ. ಯಾವ ಕಡೆಯಿಂದ ನೋಡಿದರೂ ಪಂಕಜಮ್ಮನ ಗುರುತಿರಲಿಲ್ಲ.

ಅವಳ ಬ್ಯಾಂಡೇಜು ಬಿಚ್ಚುವ ಮುಂಚಿನ ವಾರ. ಬೆಳಿಗ್ಗೆ ನನ್ನ ಪೊಟ್ಟಣ ಹೋಗಿದೆಯೇ ಎಂದು ಫ್ರೀಜರಿನ ಬಾಗಿಲು ತೆಗೆದೆ. ಹೋಗಿತ್ತು. ಅದರ ಜಾಗದಲ್ಲಿ ಇನ್ನೊಂದು ಪೊಟ್ಟಣವಿತ್ತು. ಸಣ್ಣದು, ಮುಷ್ಟಿಯಷ್ಟು. ಗಂಟು ಸೊಟ್ಟ, ಗಾಳಿ ತುಂಬಿ ಉಬ್ಬಿತ್ತು, ಎಡಗೈಯಲ್ಲಿ ಕಟ್ಟಿದ್ದು. ಎಡಗೈ ಗಂಟು ಹೇಗಿರುತ್ತದೆಂದು ಇಡೀ ಊರಿನಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬೀದಿಯಲ್ಲಿ ಜಾಗವಿದ್ದದ್ದು ಎರಡೇ ಫ್ರೀಜರಿನಲ್ಲಿ. ಒಂದು ಅವಳದು, ಇನ್ನೊಂದು ನನ್ನದು. ಇಲ್ಲಿಂದ ಹೊರಟದ್ದು ಅಲ್ಲಿಗೆ, ಅಲ್ಲಿಂದ ಹೊರಟದ್ದು ಇಲ್ಲಿಗೆ.

ಬಿಚ್ಚಿದೆ. ಒಳಗೆ ಕಲ್ಲುಪ್ಪು.

ಫ್ರೀಜರಿನಲ್ಲಿ ಉಪ್ಪು ಯಾರಿಡುತ್ತಾರೆ? ಯಾರೂ ಇಡುವುದಿಲ್ಲ. ಒಂದು ಹಿಡಿ ಉಪ್ಪು ನನ್ನ ಅಂಗೈಯಲ್ಲಿ ತಣ್ಣಗೆ ಕೂತಿತ್ತು. ಎಲ್ಲ ಬದಲಾಯಿಸಿ ಉಪ್ಪೊಂದನ್ನು ಮರೆತಿದ್ದೆ. ಇಷ್ಟು ವರ್ಷ ಕಡಿಮೆ ಹಾಕಿದ ಕೈ, ಕಡಿಮೆಯೇ ಹಾಕಿತ್ತು. ಮೊದಲ ಚಮಚಕ್ಕೇ ಅವಳಿಗೆ ಗೊತ್ತಾಗಿರಬೇಕು. ಗೊತ್ತಿದ್ದೂ ಉಂಡಳು, ಒಂದು ದಿನ ಬಿಡದೆ. ನಾನು ಅವಳ ಹೋಳಿಗೆ ಉಂಡ ಹಾಗೆ. ಈಗ ಉಪ್ಪನ್ನು ಕೈಯಿಂದ ಕೈಗೆ ಕೊಡದೆ, ನಡುವೆ ಇಟ್ಟು ನನ್ನ ಕಡೆ ನೂಕಿದ್ದಾಳೆ. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ, ನಮ್ಮ ಮನೆಯವರು ಪೇಪರು ಬಿಟ್ಟು ಓಡಿಬಂದರು.

ಬಂದದ್ದನ್ನು ಉಣ್ಣಬೇಕು. ಬೇಳೆ ಸಾರು ಮಾಡಿದೆ. ಜಜ್ಜಿದ ಶುಂಠಿ, ಇಂಗು, ಎಲ್ಲ ನನ್ನದೇ ರೀತಿಯಲ್ಲಿ. ನಮ್ಮ ಮನೆಯವರದನ್ನೂ ಮೇಷ್ಟ್ರದನ್ನೂ ಮೊದಲೇ ತೆಗೆದಿಟ್ಟು, ಉಳಿದದ್ದಕ್ಕೆ ಆ ಹಿಡಿ ಉಪ್ಪನ್ನು ಅಷ್ಟೂ ಹಾಕಿದೆ. ಕುದಿಯುತ್ತಿದ್ದ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು, ಎರಡು ವರ್ಷದಿಂದ ಹತ್ತದ ಅವಳ ಮೆಟ್ಟಿಲು ಹತ್ತಿ ಬಾಗಿಲನ್ನು ಕಾಲಿನಿಂದ ನೂಕಿದೆ. ಅಗುಳಿ ಹಾಕಿರಲಿಲ್ಲ.

ಚಂದ್ರಿ ಅಡುಗೆಮನೆಯಲ್ಲಿ ತಟ್ಟೆ ಇಟ್ಟುಕೊಂಡು, ಅದರಲ್ಲಿ ಬಿಸಿ ಅನ್ನ ಹಾಕಿಕೊಂಡು ಕೂತಿದ್ದಳು. ನನ್ನನ್ನು ನೋಡಿ ಏಳಲಿಲ್ಲ. ನಾನೂ ಏನೂ ಕೇಳಲಿಲ್ಲ. ಅನ್ನದ ಮೇಲೆ ಒಂದು ಸೌಟು ಸಾರು ಬಡಿಸಿದೆ. ಎಡಗೈಯಲ್ಲಿ ಚಮಚ ಹಿಡಿದು ಕಲಸಿ ಬಾಯಿಗಿಟ್ಟಳು. ಕಣ್ಣಿಂದ ನೀರು ದಳದಳ ಇಳಿಯಿತು.

"ಈಗ ಜಾಸ್ತಿಯಾಯ್ತಲ್ಲ ಅಕ್ಕಾ" ಎಂದಳು. ಎಂದು ತಟ್ಟೆಯನ್ನು ಮುಂದೆ ನೂಕಿ ಇನ್ನೊಂದು ಸೌಟು ಹಾಕಿಸಿಕೊಂಡಳು.